ಬಿಡುತ್ತೇನೆಂದು ಹೇಳಿಯೇ ಬಿಡಿ: ಮಗುವಿಗೆ ಸೈಕಲ್ ಕಲಿಸುವ ಪಾಠ



ಮಗುವಿಗೆ ಸೈಕಲ್ ಕಲಿಸುವಾಗ ನಮ್ಮಲ್ಲಿ ಬಹುಮಂದಿ ಒಂದು ಸುಳ್ಳು ಹೇಳುತ್ತೇವೆ. "ಹಿಡಕೊಂಡೀನಿ, ಹಿಡಕೊಂಡೀನಿ, ನೀ ತುಳಿ" ಎನ್ನುತ್ತ ಸೀಟು ಹಿಡಿದು ಹಿಂದೆ ಓಡುತ್ತೇವೆ. ಹಾಗೆನ್ನುತ್ತಲೇ ಕೈ ಬಿಡುತ್ತೇವೆ. ಮಗು ಹತ್ತು ಮಾರು ಮುಂದೆ ಹೋಗಿ ತಿರುಗಿ ನೋಡಿದರೆ ನಾವು ದೂರದಲ್ಲಿ ನಗುತ್ತ ನಿಂತಿರುತ್ತೇವೆ. ನಮಗೆ ಅದು ಸಂತೋಷದ ಗಳಿಗೆ. ಮಗುವಿಗೆ ಏನೆನಿಸಿತು ಎಂದು ಕೇಳುವ ಗೋಜಿಗೆ ನಾವು ಹೋಗುವುದಿಲ್ಲ.

ನಾನು ಕಲಿತದ್ದೂ ಹೀಗೆಯೇ. ಗಂಟೆಗೆ ಎಂಟಾಣೆಯ ಬಾಡಿಗೆ ಸೈಕಲ್ಲು, ದೊಡ್ಡವರದು. ಸೀಟು ಎಟುಕುವುದಿಲ್ಲ, ಬಾರಿನ ಕೆಳಗೆ ಬಲಗಾಲು ತೂರಿಸಿ, ಮೈಯೆಲ್ಲ ಒಂದು ಕಡೆಗೆ ಸೊಟ್ಟ ಮಾಡಿ ಒಳಪೆಡಲ್ ತುಳಿಯುವುದು. ಅಣ್ಣ ಹಿಡಿದಿದ್ದಾನೆಂಬ ಧೈರ್ಯದಲ್ಲಿ ತುಳಿದೆ, ತಿರುಗಿ ನೋಡಿದೆ, ಬಿದ್ದೆ. ಮೊಣಕಾಲಿನ ಗುರುತು ಈಗಲೂ ಇದೆ. ಮನೆಯಲ್ಲಿ ಆ ಕಥೆಯನ್ನು ನಗುತ್ತಲೇ ಹೇಳಿಕೊಳ್ಳುತ್ತ ಬಂದೆವು. ನನ್ನ ಮಗಳಿಗೆ ಆರು ವರ್ಷವಾದಾಗ ನಾನೂ ಅದನ್ನೇ ಮಾಡಿದೆ.

ಆಗ ನಾವು ಅಬ್ಬೆತುಮಕೂರಿನಲ್ಲಿದ್ದೆವು. ಯಾದಗಿರಿ ಪಟ್ಟಣಕ್ಕೆ ಸಮೀಪದ ಈ ಊರನ್ನು ಓದುಗರಲ್ಲಿ ಅನೇಕರು ವಿಶ್ವಾರಾಧ್ಯರ ಮಠದ ಊರೆಂದು ಬಲ್ಲರು. ನಾನು ಶಾಲಾ ಮಾಸ್ತರ. ಭಾನುವಾರ ಬಲಿಪೂಜೆಗೆ ಪಟ್ಟಣಕ್ಕೆ ಹೋಗುವುದು, ಉಳಿದ ದಿನ ಊರವರೊಡನೆ ಬೆರೆತಿರುವುದು. ಏಪ್ರಿಲ್ ತಿಂಗಳು. ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು ನೆತ್ತಿ ಸುಡುವ ನಾಡಿದು. ಆದ್ದರಿಂದ ಆರು ಗಂಟೆಗೇ ಅಪ್ಪ ಮಗಳು ಹೊರಟೆವು. ಮೂರನೆಯ ದಿನ ಕೈ ಬಿಟ್ಟೆ. ಆಕೆ ಇಪ್ಪತ್ತು ಮಾರು ಹೋದಳು, ತಿರುಗಿ ನೋಡಿದಳು, ಬೀಳಲಿಲ್ಲ. ಕಾಲೂರಿ ನಿಂತು ಒಂದೇ ಮಾತು ಹೇಳಿದಳು:

"ಅಪ್ಪಾ, ನೀ ಸುಳ್ಳ ಹೇಳಿದಿ."

ನಾನು ನಕ್ಕುಬಿಟ್ಟೆ. ಆಕೆ ಸೈಕಲ್ಲನ್ನು ಅಲ್ಲೇ ಮಲಗಿಸಿ ಮನೆಗೆ ನಡೆದಳು. ಹನ್ನೊಂದು ದಿನ ಅದನ್ನು ಮುಟ್ಟಲಿಲ್ಲ. ಅದರ ನಡುವೆ ಒಂದು ದಿನ ಜ್ವರ ಬಂದು ದವಾಖಾನೆಗೆ ಕರೆದುಕೊಂಡು ಹೋದಾಗ, "ಸೂಜಿ ನೋಯೂದಿಲ್ಲವ್ವಾ" ಎಂದೆ. ಆಕೆ ನನ್ನ ಮುಖ ನೋಡಿ, "ಸೈಕಲ್ ಹಿಡದಾಂಗನಾ?" ಎಂದಳು. ಆಗ ನನಗೆ ನಗು ಬರಲಿಲ್ಲ.

ಮನೆಯಾಕೆಗೆ ಸೈಕಲ್ ಹೊಡೆಯಲು ಬರುವುದಿಲ್ಲ. ಅಂದು ರಾತ್ರಿ ಆಕೆ ಹೇಳಿದ್ದು ಇಷ್ಟೇ: "ಬಿಡೋದಾದ್ರ ಬಿಡ್ತೀನಂತ ಹೇಳಿ ಬಿಡ್ರಿ. ಕೂಸಿಗೇನು ತಿಳಿಯೂದಿಲ್ಲೇನ್ರಿ?" ಮುಂದೆ ಮಗಳಿಗೆ ಸೈಕಲ್ ಕಲಿಸಿದವಳು ಆಕೆಯೇ, ನಾನು ಪಾನಾ ಹಿಡಿದು ನಿಂತ ಸಹಾಯಕ. ಆ ಪಾಠದ ಕ್ರಮವನ್ನು, ನಂತರ ಓದಿ ತಿಳಿದದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪೆಡಲ್ ಬಿಚ್ಚಿ

ಸೈಕಲ್ ಎಂದರೆ ಪೆಡಲ್ ತುಳಿಯುವುದು ಎಂದು ನಾವು ತಿಳಿದಿದ್ದೇವೆ. ಹಾಗಲ್ಲ. ತುಳಿಯುವುದು ಮಗುವಿಗೆ ಅರ್ಧ ದಿನದ ಕೆಲಸ. ಕಷ್ಟವಿರುವುದು ತೂಕ ಹಿಡಿಯುವುದರಲ್ಲಿ. ಎರಡನ್ನೂ ಒಟ್ಟಿಗೆ ಹೇರುವುದರಿಂದಲೇ ಮಗು ಹೆದರುತ್ತದೆ. ಸೈಕಲ್ಲಿನ ಚರಿತ್ರೆಯನ್ನೇ ನೋಡಿ. 1817ರಲ್ಲಿ ಜರ್ಮನಿಯ ಮಾನ್‌ಹೈಮ್ ಪಟ್ಟಣದಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತ ಓಡಿಸಿದ ಮೊದಲ ಎರಡು ಗಾಲಿಯ ಬಂಡಿಗೆ ಪೆಡಲೇ ಇರಲಿಲ್ಲ. ಅದರ ಮೇಲೆ ಕುಳಿತು ಕಾಲಿನಿಂದ ನೆಲವನ್ನು ಒದೆಯುತ್ತ ಸಾಗಬೇಕಿತ್ತು. ಪ್ಯಾರಿಸ್ಸಿನಲ್ಲಿ ಮುಂದಿನ ಗಾಲಿಗೆ ಪೆಡಲ್ ಬಂದದ್ದು 1860ರ ದಶಕದಲ್ಲಿ. ದೊಡ್ಡವರೇ ನಲವತ್ತಕ್ಕೂ ಹೆಚ್ಚು ವರ್ಷ ಪೆಡಲಿಲ್ಲದೆ ಓಡಾಡಿದರೆಂದ ಮೇಲೆ ನಮ್ಮ ಮಕ್ಕಳಿಗೆ ನಾಲ್ಕು ದಿನ ಕೊಡಬಾರದೇ?

ಆದ್ದರಿಂದ ಮೊದಲು ಎರಡೂ ಪೆಡಲ್ ಬಿಚ್ಚಿ ತೆಗೆದಿಡಿ. ಸಾಮಾನ್ಯವಾಗಿ 15 ನಂಬರ್ ಪಾನಾ ಸಾಕು. ಬಲಗಡೆಯ ಪೆಡಲ್ ಎಲ್ಲ ಬೋಲ್ಟಿನಂತೆ ಎಡಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಎಡಗಡೆಯದರ ತಿರುಪು ಉಲ್ಟಾ. ಅದನ್ನು ಬಲಕ್ಕೆ ತಿರುಗಿಸಬೇಕು. ಇದು ತಿಳಿಯದೆ ನಾನು ಎಡ ಪೆಡಲನ್ನು ಬಿಗಿಯುತ್ತಲೇ ಹೋಗಿ, ಕೊನೆಗೆ ಸೈಕಲ್ ಅಂಗಡಿಯ ಹುಡುಗನಿಂದ ಬೈಸಿಕೊಂಡೆ. ಬಳಿಕ ಸೀಟನ್ನು ಪೂರ್ತಿ ಇಳಿಸಿ. ಕುಳಿತಾಗ ಮಗುವಿನ ಎರಡೂ ಪಾದಗಳು ಹಿಮ್ಮಡಿಸಹಿತ ನೆಲಕ್ಕೆ ತಾಗಬೇಕು. ಇಲ್ಲಿ ಬಡತನದ ಲೆಕ್ಕಾಚಾರವೊಂದು ಅಡ್ಡಬರುತ್ತದೆ: "ಹೆಂಗೂ ಬೆಳೀತಾನ, ದೊಡ್ಡದನ್ನೇ ತರೋಣ" ಎನ್ನುತ್ತೇವೆ. ಅಂಗಿಗೆ ಆ ಲೆಕ್ಕ ಸರಿ, ಕಲಿಯುವ ಸೈಕಲ್ಲಿಗೆ ಸರಿಯಲ್ಲ. ಐದಾರು ವರ್ಷದ ಮಗುವಿಗೆ 16 ಇಂಚಿನ ಗಾಲಿಯದು ಹೊಂದುತ್ತದೆ. ಹಳೆಯದಾದರೂ, ನೆರೆಮನೆಯಿಂದ ಕೇಳಿ ತಂದದ್ದಾದರೂ ಅಡ್ಡಿಯಿಲ್ಲ.

ಹಿಂದಿನ ಗಾಲಿಯ ಎರಡೂ ಪಕ್ಕ ಪುಟ್ಟ ಗಾಲಿ ಜೋಡಿಸಿ ಕೊಡುತ್ತಾರಲ್ಲ, ಅವನ್ನು ತೆಗೆದುಬಿಡಿ. ಅವು ಕೆಟ್ಟ ಗುರುಗಳು. ಏಕೆಂದು ಹೇಳುತ್ತೇನೆ. ಅಂಗೈ ಮೇಲೆ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಕೋಲು ಎಡಕ್ಕೆ ವಾಲಿದರೆ ಕೈಯನ್ನೂ ಎಡಕ್ಕೇ ಒಯ್ಯಬೇಕು. ಆಗ ಅದು ನಿಲ್ಲುತ್ತದೆ. ಸೈಕಲ್ಲೂ ಹಾಗೆಯೇ. ಎಡಕ್ಕೆ ಬೀಳುವಂತಾದರೆ ಹ್ಯಾಂಡಲನ್ನು ಎಡಕ್ಕೇ ತಿರುಗಿಸಬೇಕು. ಗಾಲಿ ಮೈಭಾರದ ಅಡಿಗೆ ಬಂದು ಎತ್ತಿ ನಿಲ್ಲಿಸುತ್ತದೆ. ಹೆದರಿದ ಮಗು ಬಲಕ್ಕೆ ತಿರುಗಿಸುತ್ತದೆ, ಬೀಳುತ್ತದೆ. ಪಕ್ಕದ ಗಾಲಿಗಳಿದ್ದರೆ ಸೈಕಲ್ ವಾಲುವುದೇ ಇಲ್ಲವಾದ್ದರಿಂದ ಈ ಪಾಠ ಮಗುವಿಗೆ ಸಿಗುವುದೇ ಇಲ್ಲ.

ತಿರುಗುವ ಗಾಲಿಯ ಗಿರಕಿಯ ಬಲವೇ ಸೈಕಲ್ಲನ್ನು ನಿಲ್ಲಿಸುತ್ತದೆ ಎಂದು ನಾನೂ ತರಗತಿಯಲ್ಲಿ ಹೇಳುತ್ತಿದ್ದೆ. 1970ರಲ್ಲಿ ಬ್ರಿಟನ್ನಿನ ಡೇವಿಡ್ ಜೋನ್ಸ್ ಎಂಬ ವಿಜ್ಞಾನಿ ಮುಂದಿನ ಗಾಲಿಯ ಪಕ್ಕದಲ್ಲಿ ಉಲ್ಟಾ ತಿರುಗುವ ಇನ್ನೊಂದು ಗಾಲಿ ಜೋಡಿಸಿ ಆ ಬಲವನ್ನು ರದ್ದು ಮಾಡಿ ನೋಡಿದರು. ಆ ಸೈಕಲ್ಲನ್ನೂ ಓಡಿಸಲು ಬಂತು. 2011ರಲ್ಲಿ ನೆದರ್ಲೆಂಡ್ಸ್ ಮತ್ತು ಅಮೆರಿಕದ ಸಂಶೋಧಕರು ಆ ಬಲವನ್ನು ಲೆಕ್ಕಕ್ಕಿಲ್ಲದಂತೆ ಮಾಡಿದ ಸೈಕಲ್ ಮಾದರಿಯೊಂದು ತಳ್ಳಿಬಿಟ್ಟರೆ ಸವಾರನಿಲ್ಲದೆಯೂ ಬೀಳದೆ ಸಾಗುವುದನ್ನು ತೋರಿಸಿದರು. ವಾಲಿದ ಕಡೆಗೆ ತಿರುಗುವುದೇ ಮುಖ್ಯ ಸಂಗತಿ. ಇದನ್ನು ಮಗುವಿಗೆ ವಿವರಿಸಹೋಗಬೇಡಿ. ಕಾಲು ನೆಲಕ್ಕೆ ತಾಗುವಂತಿದ್ದರೆ ಅದರ ಮೈ ತಾನೇ ಕಂಡುಕೊಳ್ಳುತ್ತದೆ.

ಎಲ್ಲಿ ಕಲಿಸುವುದು? ನಮ್ಮ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಗಾಲಿಗೆ ಮೆತ್ತುತ್ತದೆ, ಎರಡೂ ಆಗದು. ಗರಸು ಹಾಕಿ ಗಟ್ಟಿಯಾದ ಶಾಲೆಯ ಅಂಗಳ, ರಾಶಿ ಮುಗಿದ ಕಣ, ಇಂಥವು ಒಳ್ಳೆಯವು. ತುಸು ಇಳಿಜಾರಿದ್ದರೆ ಇನ್ನೂ ಒಳ್ಳೆಯದು. ಮೊದಲು ನೀವೇ ಒಂದು ಸುತ್ತು ನಡೆದು ಜಾಲಿಮುಳ್ಳು, ನೆಗ್ಗಿನಮುಳ್ಳು ಆರಿಸಿ. ದಿನಕ್ಕೊಂದು ಪಂಕ್ಚರ್ ಆದರೆ ಯಾವ ಮಗುವಿಗೂ ಉತ್ಸಾಹ ಉಳಿಯದು. ಅಪ್ಪನಿಗಂತೂ ಉಳಿಯುವುದೇ ಇಲ್ಲ.

ಮೊದಲ ದಿನ ಸೈಕಲ್ ಮೇಲೆ ಕುಳಿತು ನಡೆಯಲಿ, ಅಷ್ಟೇ. ಎರಡನೆಯ ದಿನ ಕಾಲಿನಿಂದ ಒದ್ದು ಜಾರಲಿ. ಆಮೇಲೆ ಕಾಲೆತ್ತಿ ಎಷ್ಟು ಎಣಿಸುವವರೆಗೆ ಸಾಗುತ್ತದೆ ನೋಡಿ: ಮೂರು, ಐದು, ಹತ್ತು. ಇದೇ ಹಂತದಲ್ಲಿ ಬ್ರೇಕ್ ಕಲಿಸಿ. ಯಾವ ಹಿಡಿಕೆ ಹಿಂದಿನ ಗಾಲಿಯದು, ಯಾವುದು ಮುಂದಿನದು ಎಂದು ನೀವೇ ಮೊದಲು ಒತ್ತಿ ನೋಡಿ ತಿಳಿಸಿ. ಮುಂದಿನದನ್ನು ಒಂದೇ ಸಮ ಒತ್ತಿದರೆ ಮುಗ್ಗರಿಸುವ ಅಪಾಯವಿದೆ. ನಿಲ್ಲಿಸಲು ಬರುತ್ತದೆ ಎಂಬುದು ಗೊತ್ತಾದ ಮಗುವಿಗೆ ಅರ್ಧ ಭಯ ಹೋದಂತೆ. ಹತ್ತು ಎಣಿಸುವವರೆಗೆ ಕಾಲೂರದೆ ಸಾಗುವಂತಾದರೆ ಪೆಡಲ್ ಹಾಕಿ. ಒಂದು ಪೆಡಲ್ ಮುಂದಕ್ಕೆ ಸ್ವಲ್ಪ ಮೇಲಿರುವಂತೆ ಇಟ್ಟು, ಅದನ್ನು ಬಲವಾಗಿ ತುಳಿದು ಹೊರಡಲಿ. ಕಣ್ಣು ಗಾಲಿಯ ಮೇಲಲ್ಲ, ಮುಂದಿನ ದಾರಿಯ ಮೇಲೆ.

ಕೈ ಎಲ್ಲಿರಬೇಕು?

ಹ್ಯಾಂಡಲನ್ನು ಎಂದೂ ಹಿಡಿಯಬೇಡಿ. ಹಿಡಿದರೆ ಸೈಕಲ್ ಓಡಿಸುವವರು ನೀವಾಗುತ್ತೀರಿ, ಮಗು ಹೊರೆಯಾಗುತ್ತದೆ. ಸೀಟನ್ನೋ ಕ್ಯಾರಿಯರನ್ನೋ ಬಿಗಿಯಾಗಿ ಹಿಡಿದರೂ ವಾಲುವಿಕೆ ಮಗುವಿಗೆ ತಿಳಿಯುವುದಿಲ್ಲ. ಪಕ್ಕದಲ್ಲಿ ನಡೆಯುತ್ತ ಬೆನ್ನಿಗೋ ಕಂಕುಳಿನ ಬಳಿಗೋ ಹಗುರವಾಗಿ ಕೈಯಿಡಿ. ಹೊಶೇಯ ಪ್ರವಾದಿಯ ಗ್ರಂಥದ 11ನೇ ಅಧ್ಯಾಯದಲ್ಲಿ ದೇವರು ಎಫ್ರಯಿಮನಿಗೆ ನಡೆಯಲು ಕಲಿಸಿದ ತಂದೆಯಂತೆ ಕಾಣುತ್ತಾರೆ. ಅಲ್ಲಿಯೂ ಅವರು ಹಿಡಿದದ್ದು ತೋಳನ್ನು. ಮನೆಯಾಕೆ ಇದನ್ನು ಓದಿ ಮಾಡಿದ್ದಲ್ಲ. ಆಕೆಗೆ ಸೈಕಲ್ಲಿನ ಯಾವ ಭಾಗ ಹಿಡಿಯಬೇಕೆಂದೇ ತಿಳಿದಿರಲಿಲ್ಲ, ಆದ್ದರಿಂದ ಮಗಳನ್ನು ಹಿಡಿದಳು.

ಬಿಡುವ ವಿಷಯದಲ್ಲಿ ಆಕೆಯ ಕ್ರಮ ಹೀಗಿತ್ತು. "ಆ ಬೇವಿನಗಿಡದ ತನಕ ಹಿಡೀತೀನಿ. ಗಿಡ ದಾಟಿದ ಮ್ಯಾಲ ಬಿಡ್ತೀನಿ. ಬಿಡೂ ಮುಂದ ಹೇಳ್ತೀನಿ." ಗಿಡ ಬಂದಾಗ "ಈಗ ಬಿಟ್ಟೆ" ಎನ್ನುವಳು. ಮೊದಲ ಸಲ ಮಗಳು "ಬ್ಯಾಡ ಯವ್ವಾ" ಎಂದಳು, ಆಕೆ ಬಿಡಲಿಲ್ಲ. ಎರಡನೆಯ ಸಲವೂ ಇಲ್ಲ. ಬೇಗ ಮುಗಿಯಲಿ ಎಂದು ನಾನು ಕಸಿವಿಸಿಪಟ್ಟೆ. ಐದನೆಯ ಸಲ ಗಿಡ ಇನ್ನೂ ದೂರವಿರುವಾಗಲೇ ಮಗಳು ತಾನೇ, "ಬಿಡು, ಬಿಡು!" ಎಂದು ಕೂಗಿದಳು. ಕೈ ಬಿಡಲು ಮಗುವೇ ಹೇಳುವವರೆಗೆ ಕಾಯುವ ತಾಳ್ಮೆ ನನ್ನಲ್ಲಿ ಇರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ನಾನು ಮೂರು ದಿನದಲ್ಲಿ ಕಲಿಸಹೋದದ್ದಕ್ಕೆ ಆಕೆ ಒಂಬತ್ತು ದಿನ ತೆಗೆದುಕೊಂಡಳು. ಆದರೆ ಮಗಳು ತಿರುಗಿ ನೋಡಲಿಲ್ಲ. ಹಿಂದೆ ಯಾರೂ ಹಿಡಿದಿಲ್ಲವೆಂದು ಗೊತ್ತಿದ್ದವಳು ತಿರುಗಿ ಏಕೆ ನೋಡಬೇಕು?

ಸೈಕಲ್ ಬಾರದ ತಾಯಂದಿರು "ನಮಗೇ ಬರೂದಿಲ್ಲ, ಹೆಂಗ ಕಲಿಸೋದು" ಎನ್ನಬೇಡಿ. ನೆರೆಯ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1991ರ ಸಾಕ್ಷರತಾ ಆಂದೋಲನದ ಕಾಲದಲ್ಲಿ, ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರ ಪ್ರೋತ್ಸಾಹದಿಂದ, ಹಳ್ಳಿಯ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಸೈಕಲ್ ಕಲಿತರು. ಕಲಿತವರು ಮತ್ತೊಬ್ಬರಿಗೆ ಕಲಿಸಿದರು. ಪತ್ರಕರ್ತ ಪಿ. ಸಾಯಿನಾಥ್ ಇದನ್ನು ದೇಶಕ್ಕೆಲ್ಲ ತಿಳಿಯುವಂತೆ ಬರೆದಿದ್ದಾರೆ. ನಮ್ಮಲ್ಲಿ 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಕೋವಿಡ್ ಕಾಲದಲ್ಲಿ ಅದು ನಿಂತಿತು. ಆ ವರ್ಷಗಳಲ್ಲಿ ಹೊಸ ಸೈಕಲ್ ಸಿಕ್ಕ ಹುಡುಗಿ ಅದನ್ನು ತಳ್ಳಿಕೊಂಡು ಮನೆಗೆ ನಡೆದದ್ದನ್ನು ನಾನು ಕಂಡಿದ್ದೇನೆ. ಹದಿಮೂರರ ವಯಸ್ಸಿನಲ್ಲಿ ಊರೆಲ್ಲ ನೋಡುವಾಗ ಬೀಳುವುದು ನಾಚಿಕೆ. ಆರು ವರ್ಷಕ್ಕೆ ಬಿದ್ದರೆ ಯಾರೂ ನೋಡುವುದಿಲ್ಲ. ಗಂಡುಮಗನಿಗೆ ಸೈಕಲ್ ತಂದು ಮಗಳಿಗೆ "ಆಮ್ಯಾಲ ನೋಡೋಣ" ಎನ್ನುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇವೆ. ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೆ ನಿಜ.

ಬೀಳುವುದಂತೂ ಇದ್ದೇ ಇದೆ. ಬಿದ್ದೊಡನೆ ಕೂಗುತ್ತ ಓಡಬೇಡಿ. ಮಗು ಮೊದಲು ನಿಮ್ಮ ಮುಖ ನೋಡುತ್ತದೆ, ಅಲ್ಲಿ ಗಾಬರಿ ಕಂಡರೆ ಅಳುತ್ತದೆ. ತರಚಿದ ಗಾಯವನ್ನು ಶುದ್ಧ ನೀರು, ಸೋಪಿನಿಂದ ತೊಳೆಯಿರಿ. ಕಾಫಿಪುಡಿ, ಸುಣ್ಣ, ಮಣ್ಣು ಹಚ್ಚಬೇಡಿ. ಧನುರ್ವಾಯು ಚುಚ್ಚುಮದ್ದು ಆಗಿದೆಯೇ ಎಂದು ಕಾರ್ಡ್ ನೋಡಿ. ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಪರು ಕಂಡರೆ ತಡಮಾಡದೆ ದವಾಖಾನೆಗೆ ಹೋಗಿ. ಹೆಲ್ಮೆಟ್ ಸಿಗುವುದಾದರೆ ಹಾಕಿಸಿ. ಲಂಗ, ಓಢಣಿ ಚೈನಿಗೆ ಸಿಗದಂತೆ ಕಟ್ಟಿ.

ಇಟಲಿಯ ಕೋಮೊ ಸರೋವರದ ಮೇಲಿನ ಘಾಟಿಯಲ್ಲಿ ಗಿಸಾಲ್ಲೋ ಮಾತೆಯ ಪುಟ್ಟ ಗುಡಿಯಿದೆ. 1949ರಲ್ಲಿ ಜಗದ್ಗುರು 12ನೇ ಪಯಸ್ ಅವರು ಆ ಮಾತೆಯನ್ನು ಸೈಕಲ್ ಸವಾರರ ಪಾಲಕಿಯೆಂದು ಘೋಷಿಸಿದರು. ದೊಡ್ಡ ಸ್ಪರ್ಧೆಗಳನ್ನು ಗೆದ್ದವರ ಸೈಕಲ್ಲುಗಳನ್ನು ಆ ಗುಡಿಯ ಗೋಡೆಗೆ ತೂಗುಹಾಕಿದ್ದಾರೆ. ಇದನ್ನು ಹೇಳಿದಾಗ ಮಗಳು, ತನ್ನ 16 ಇಂಚಿನದನ್ನೂ ಅಲ್ಲಿ ತೂಗುಹಾಕಬಹುದೇ ಎಂದು ಕೇಳಿದಳು. ಅದು ಈಗಾಗಲೇ ಇಬ್ಬರ ಮನೆ ದಾಟಿ ಮೂರನೆಯವರ ಮನೆಯಲ್ಲಿದೆ.

ಮಗಳು ಈಗ ಒಂಬತ್ತನೇ ತರಗತಿ. ಹೋದ ತಿಂಗಳು ಓಣಿಯ ಹುಡುಗನೊಬ್ಬನಿಗೆ ಕಲಿಸಲು ಹೊರಟು ನನ್ನ ಬಳಿ 15 ನಂಬರ್ ಪಾನಾ ಕೇಳಿದಳು. "ಎಡಗಡೀದು ಉಲ್ಟಾ ತಿರುವು" ಎಂದೆ. "ಗೊತ್ತೈತಪ್ಪಾ, ನಿನಗ ಗೊತ್ತಿರಲಿಲ್ಲ" ಎಂದಳು. ಪಾನಾ ಇನ್ನೂ ಮನೆಗೆ ಬಂದಿಲ್ಲ.