ಕೆರೆಯ ಮೊಸಳೆ: ಒಂದು ಐತಿಹ್ಯದ ಸ್ವರೂಪ

ಜಲಾಶಯದ ಆಳದಲ್ಲಿ ಘೋರವಾದ ಜೀವಿಯೊಂದು ನೆಲೆಸಿದೆಯೆಂಬ ನಂಬಿಕೆ ಜಗತ್ತಿನ ಅನೇಕ ಜನಪದಗಳಲ್ಲಿ ಕಂಡುಬರುತ್ತದೆ. ಸ್ಕಾಟ್ಲೆಂಡಿನ ನೆಸ್ ಸರೋವರದ ಪ್ರಾಣಿಯ ಕಥೆ 1933ರಿಂದೀಚೆಗೆ ಪತ್ರಿಕೆಗಳ ಮೂಲಕ ಜಗತ್ಪ್ರಸಿದ್ಧವಾಯಿತು. ಅಂತಹ ಪ್ರಾಣಿ ಇದೆಯೇ, ಇಲ್ಲವೇ ಎಂಬುದೇ ಅಲ್ಲಿನ ಪ್ರಶ್ನೆ. ಕಾಸರಗೋಡು ಜಿಲ್ಲೆಯ ಕುಂಬಳೆಗೆ ಸಮೀಪದ ಅನಂತಪುರದ ಮೊಸಳೆಯ ವಿಷಯದಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಪ್ರಾಣಿ ಕಣ್ಣಿಗೆ ಕಾಣುವಂತಹುದು. ಅದು ಯಾರದು, ಏತಕ್ಕಾಗಿ ಅಲ್ಲಿದೆ ಎಂಬುದನ್ನು ಐತಿಹ್ಯ ವಿವರಿಸುತ್ತದೆ.

ಅನಂತಪುರದ ದೇವಾಲಯ ಕೆರೆಯ ನಡುವೆ ಇದೆ. ತಿರುವನಂತಪುರದ ಪದ್ಮನಾಭಸ್ವಾಮಿಯ ಮೂಲಸ್ಥಾನ ಇದೆಂಬುದು ಸ್ಥಳಪುರಾಣ. ಬಿಲ್ವಮಂಗಲ ಸ್ವಾಮಿಗಳ ಪೂಜೆಗೆ ನೆರವಾಗುತ್ತಿದ್ದ ಬಾಲಕನೊಬ್ಬ ಅವರ ಕೋಪಕ್ಕೆ ಗುರಿಯಾಗಿ ಗುಹೆಯಲ್ಲಿ ಕಣ್ಮರೆಯಾದನೆಂದೂ, ತನ್ನನ್ನು ಕಾಣಲು ಅನಂತನಕಾಡಿಗೆ ಬರಬೇಕೆಂದು ನುಡಿದನೆಂದೂ ಅದು ಹೇಳುತ್ತದೆ. ಮೊಸಳೆ ಈ ಸನ್ನಿಧಿಯ ಕಾವಲಿಗೆ ನಿಂತದ್ದು. ನೈವೇದ್ಯದ ಅನ್ನವೇ ಅದರ ಆಹಾರ, ಕೆರೆಯ ಮೀನನ್ನೂ ಅದು ಮುಟ್ಟದು ಎಂಬುದು ಭಕ್ತರ ನಂಬಿಕೆ. 1945ರಲ್ಲಿ ಬ್ರಿಟಿಷ್ ಸೈನಿಕನೊಬ್ಬ ಅದನ್ನು ಗುಂಡಿಟ್ಟು ಕೊಂದನೆಂದೂ, ಅವನು ಹಾವು ಕಚ್ಚಿ ಸತ್ತನೆಂದೂ, ಕೆಲವೇ ದಿನಗಳಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತೆಂದೂ ಪ್ರತೀತಿಯಿದೆ. ‘ಬಬಿಯಾ’ ಎಂದು ಹೆಸರಾದ ಆ ಮೊಸಳೆ 2022ರ ಅಕ್ಟೋಬರ್ 9ರಂದು ಸತ್ತಿತು. 2023ರ ನವೆಂಬರಿನಲ್ಲಿ ಮತ್ತೊಂದು ಅಲ್ಲಿ ಕಾಣಿಸಿಕೊಂಡಿತು.

ಈ ಐತಿಹ್ಯದ ವೈಶಿಷ್ಟ್ಯ ಇತರ ಕಥೆಗಳೊಡನೆ ಹೋಲಿಸಿದಾಗ ಸ್ಪಷ್ಟವಾಗುತ್ತದೆ. ಭಾಗವತದ ಗಜೇಂದ್ರಮೋಕ್ಷದಲ್ಲಿ ಆನೆಯ ಕಾಲನ್ನು ಹಿಡಿದ ಮೊಸಳೆಯನ್ನು ವಿಷ್ಣು ಚಕ್ರದಿಂದ ಸೀಳುತ್ತಾನೆ. ಅನಂತಪುರದಲ್ಲಾದರೋ ಅದೇ ಪ್ರಾಣಿ ವಿಷ್ಣುವಿನ ಸೇವಕನಾಗಿದೆ. ‘ಕೆರೆಗೆ ಹಾರ’ ಕಥನಗೀತೆಯಲ್ಲಿ ನೀರು ಬರಬೇಕಾದರೆ ಸೊಸೆ ಭಾಗೀರಥಿ ಬಲಿಯಾಗಬೇಕು. ಇಲ್ಲಿ ನೀರಿಗೆ ಸಲ್ಲುವುದು ಅನ್ನ. ಜಲದ ಭಯವನ್ನು ಅಲ್ಲಗಳೆಯದೆ, ಅದಕ್ಕೊಂದು ಹೆಸರನ್ನೂ ಕರ್ತವ್ಯವನ್ನೂ ಕೊಟ್ಟು ಊರಿನವರಲ್ಲಿ ಒಂದಾಗಿಸಿಕೊಂಡಿರುವುದೇ ಇದರ ವೈಶಿಷ್ಟ್ಯ.

ಕರಾವಳಿಯಿಂದ ಬಂದ ಕನ್ನಡಿಗರೂ ತುಳುವರೂ ನೆಲೆಸಿರುವ ಮುಂಬಯಿಯಲ್ಲಿಯೂ ಮೊಸಳೆಗಳ ಕೆರೆಯೊಂದಿದೆ. ಉಪನಗರದ ಪೊವಾಯಿ ಕೆರೆ 1891ರಲ್ಲಿ ನೀರು ಪೂರೈಕೆಗಾಗಿ ನಿರ್ಮಾಣವಾಯಿತು. ಅಲ್ಲಿನ ಮೊಸಳೆಗಳ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಅವುಗಳಿಗಿರುವ ರಕ್ಷೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ದಂಡೆಯ ಮೇಲೆ ನಗರಪಾಲಿಕೆ ಕೈಗೊಂಡ ಸೈಕಲ್ ಪಥದ ಕಾಮಗಾರಿಯನ್ನು ಮುಂಬಯಿ ಉಚ್ಚ ನ್ಯಾಯಾಲಯ 2022ರ ಮೇ ತಿಂಗಳಲ್ಲಿ ಕಾನೂನುಬಾಹಿರವೆಂದು ಸಾರಿ, ಸ್ಥಳವನ್ನು ಮೊದಲಿನ ಸ್ಥಿತಿಗೆ ತರುವಂತೆ ಆದೇಶಿಸಿತು. ಅನಂತಪುರದಲ್ಲಿ ಮೊಸಳೆ ಕೆರೆಯನ್ನು ಕಾಯುತ್ತದೆಂದು ಜನ ನಂಬಿದ್ದಾರೆ. ಪೊವಾಯಿಯಲ್ಲಿ ಮೊಸಳೆಯನ್ನೂ ಕೆರೆಯನ್ನೂ ಕಾನೂನು ಕಾಯಬೇಕಾಗಿದೆ.

ಮೊಸಳೆ ಸ್ವಭಾವತಃ ಮಾಂಸಾಹಾರಿಯೆಂಬ ಪ್ರಾಣಿಶಾಸ್ತ್ರದ ಮಾತು ನಿಜ. ಆದರೆ ಅಷ್ಟರಿಂದಲೇ ಐತಿಹ್ಯದ ಅಧ್ಯಯನ ಮುಗಿಯುವುದಿಲ್ಲ. ಒಂದು ಸಮುದಾಯ ತನ್ನ ನೀರಿನೊಡನೆ ಇಟ್ಟುಕೊಂಡ ಸಂಬಂಧ ಅದರಲ್ಲಿ ಅಡಗಿರುತ್ತದೆ. ಎರಡನೆಯ ಮೊಸಳೆಯ ಸಾವು ಮತ್ತು ಮೂರನೆಯದರ ಆಗಮನ ವರ್ತಮಾನದಲ್ಲಿಯೇ ನಡೆದಿರುವುದರಿಂದ, ಐತಿಹ್ಯವೊಂದು ಬೆಳೆಯುವ ಬಗೆಯನ್ನು ಕಣ್ಣೆದುರಿಗೇ ದಾಖಲಿಸುವ ಅಪೂರ್ವ ಅವಕಾಶ ಜಾನಪದ ವಿದ್ಯಾರ್ಥಿಗಳಿಗೆ ಈಗ ಒದಗಿದೆ.