ಆಜೀಬಾಯಿಗೆ ಬರೆದ ಪತ್ರಗಳು: ಯೇಸುವಿನ ದೈವತ್ವದ ವಾದಕ್ಕೊಂದು ಪ್ರವೇಶ

ನಮ್ಮ ಕನ್ನಡ ತರಗತಿಗೆ ಬರುವವರೆಲ್ಲ ಮುಂಬಯಿಯ ಉಪನಗರಗಳಲ್ಲಿ ಹುಟ್ಟಿ ಬೆಳೆದ ಮಕ್ಕಳು. ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದಳು: "ಸರ್, ನಮ್ಮ ಬಿಲ್ಡಿಂಗಿನಲ್ಲಿ ಎರಡು ಕ್ರೈಸ್ತ ಮನೆಗಳಿವೆ. ಒಬ್ಬರು ಯೇಸು ದೇವರು ಅಂತಾರೆ. ಇನ್ನೊಬ್ಬರು ದೇವರ ಮಗ, ಆದರೆ ದೇವರಲ್ಲ ಅಂತಾರೆ. ಇಬ್ಬರ ಕೈಯಲ್ಲೂ ಅದೇ ಬೈಬಲ್. ಅದು ಹೇಗೆ ಸರ್?"

ಪ್ರಶ್ನೆ ಸಣ್ಣದಲ್ಲ. ಇದಕ್ಕೆ 1700 ವರ್ಷಗಳ ಇತಿಹಾಸವಿದೆ. ಅವಳಿಗೆ ಅಂದು ಹೇಳಿದ್ದನ್ನೇ, ಈ ವಿಷಯಕ್ಕೆ ಹೊಸಬರಾದ ಓದುಗರಿಗಾಗಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ಯಾರು ಏನು ಹೇಳುತ್ತಾರೆ ಎಂಬುದು ಸ್ಪಷ್ಟವಾಗಲಿ. ಬಾಂದ್ರಾದ ಕಥೋಲಿಕರು, ಪ್ರಾಟೆಸ್ಟಂಟರು, ಕೇರಳದಿಂದ ಬಂದ ಸಿರಿಯನ್ ಕ್ರೈಸ್ತರು, ಹೀಗೆ ಬಹುಪಾಲು ಕ್ರೈಸ್ತರ ನಂಬಿಕೆ ಒಂದೇ: ದೇವರು ಒಬ್ಬನೇ; ಆ ಒಬ್ಬ ದೇವರಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಿದ್ದಾರೆ; ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ. ಇದನ್ನು ಕನ್ನಡದಲ್ಲಿ ತ್ರಿತ್ವ ಅಥವಾ ತ್ರಯೈಕತ್ವ ಎನ್ನುತ್ತಾರೆ. ಇದನ್ನು ಒಪ್ಪದವರು ಸಂಖ್ಯೆಯಲ್ಲಿ ಕಡಿಮೆ. ಯೆಹೋವನ ಸಾಕ್ಷಿಗಳು ಅವರಲ್ಲಿ ಒಂದು ಪಂಗಡ. ಭಾರತದಲ್ಲಿ ಅವರ ಕಚೇರಿ ಶುರುವಾದದ್ದು 1926ರಲ್ಲಿ, ಇದೇ ಮುಂಬಯಿಯಲ್ಲಿ. ಅವರ ಪ್ರಕಾರ ಯೇಸು ದೇವರ ಮೊಟ್ಟಮೊದಲ ಸೃಷ್ಟಿ. ಬೇರೆಲ್ಲರಿಗಿಂತ ದೊಡ್ಡವನು, ತಂದೆಗಿಂತ ಕೆಳಗಿನವನು. ಯುನಿಟೇರಿಯನ್ನರು ಎಂಬ ಇನ್ನೊಂದು ಪಂಥವಿದೆ. ಯೇಸುವನ್ನು ಮಹಾಗುರುವೆಂದು ಗೌರವಿಸುವ ಅವರು ದೇವರೆಂದು ಪೂಜಿಸುವುದಿಲ್ಲ.

ತ್ರಿತ್ವ ಎಂಬ ಪದ ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಇದನ್ನು ಎರಡೂ ಕಡೆಯವರು ಒಪ್ಪುತ್ತಾರೆ. ವಾದವಿರುವುದು ಆ ಅರ್ಥ ಅಲ್ಲಿದೆಯೇ ಎಂಬುದರಲ್ಲಿ.

ಯೇಸುವಿನ ಜೀವನವನ್ನು ಹೇಳುವ ಬೈಬಲಿನ ಪುಸ್ತಕಗಳಲ್ಲೊಂದಾದ ಯೋಹಾನನ ಸುವಾರ್ತೆಯ ಮೊದಲ ವಚನದಿಂದಲೇ ಹೊರಡೋಣ. ಆದಿಯಲ್ಲಿದ್ದ 'ವಾಕ್ಯ' ದೇವರ ಜೊತೆಗಿತ್ತು ಎಂದು ಹೇಳಿ, ಆ ವಾಕ್ಯವನ್ನು ದೇವರೆಂದೇ ಕರೆಯುವ ವಚನ ಅದು. ಮುಂದೆ 14ನೇ ವಚನದಲ್ಲಿ ಆ ವಾಕ್ಯ ಮನುಷ್ಯದೇಹ ಧರಿಸುತ್ತದೆ. ಮೂಲ ಗ್ರೀಕಿನಲ್ಲಿ ಇಲ್ಲೊಂದು ಸೂಕ್ಷ್ಮವಿದೆ. ಇಂಗ್ಲಿಷಿನ 'ದಿ'ಯಂಥ ಗುರುತಿನ ಪದವೊಂದು ಗ್ರೀಕಿನಲ್ಲೂ ಉಂಟು. ಈ ವಚನದಲ್ಲಿ ದೇವರು ಎಂಬ ಪದ ಮೊದಲ ಸಲ ಬಂದಾಗ ಆ ಗುರುತು ಇದೆ, ಎರಡನೆಯ ಸಲ ಇಲ್ಲ. ಯೆಹೋವನ ಸಾಕ್ಷಿಗಳ ಅನುವಾದ ಇದನ್ನು ಹಿಡಿದು, ವಾಕ್ಯವು 'ಒಂದು ದೈವ' ಎಂಬ ಅರ್ಥ ಬರುವಂತೆ ಬರೆಯುತ್ತದೆ. ಗ್ರೀಕ್ ಬಲ್ಲ ಹೆಚ್ಚಿನ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಕ್ರಿಯಾಪದಕ್ಕಿಂತ ಮುಂಚೆ ಬಂದ ಇಂಥ ನಾಮಪದಕ್ಕೆ ಸಾಮಾನ್ಯವಾಗಿ ಆ ಗುರುತು ಹತ್ತುವುದಿಲ್ಲ. ಇಲ್ಲಿ ಪದ ಸ್ವಭಾವವನ್ನು ಹೇಳುತ್ತಿದೆ, ಲೆಕ್ಕವನ್ನಲ್ಲ ಎನ್ನುತ್ತಾರೆ. ನನಗೂ ಇದೇ ಸರಿಯೆಂದು ತೋರುತ್ತದೆ. ಕನ್ನಡದಲ್ಲಿ ಆ ಗುರುತೇ ಇಲ್ಲವಾದ್ದರಿಂದ ನಮ್ಮ ಬೈಬಲ್ ಓದುವವರಿಗೆ ಈ ಜಗಳ ಕಣ್ಣಿಗೇ ಬೀಳುವುದಿಲ್ಲ.

ಇನ್ನೊಂದು ವಚನದಲ್ಲಿ ಕನ್ನಡವೇ ಗ್ರೀಕಿಗೆ ಹತ್ತಿರ. ಯೋಹಾನ 10ನೇ ಅಧ್ಯಾಯದ 30ನೇ ವಚನದಲ್ಲಿ ತಾನೂ ತಂದೆಯೂ ಒಂದು ಎಂದು ಯೇಸು ಹೇಳುತ್ತಾನೆ. ಇಂಗ್ಲಿಷಿನಲ್ಲಿ 'ಒಂದು', 'ಒಬ್ಬ' ಎರಡಕ್ಕೂ ಒಂದೇ ಪದ. ಗ್ರೀಕಿನಲ್ಲಿ ಬೇರೆ ಬೇರೆ, ನಮ್ಮಲ್ಲಿರುವ ಹಾಗೆಯೇ. ಇಲ್ಲಿ ಬಂದಿರುವುದು 'ಒಂದು', 'ಒಬ್ಬ' ಅಲ್ಲ. ಹಾಗಾಗಿ ತಂದೆಯೇ ಮಗ, ಮಗನೇ ತಂದೆ ಎಂಬ ಅರ್ಥ ಹೊರಡುವುದಿಲ್ಲ; ತ್ರಿತ್ವವಾದಿಗಳೂ ಹಾಗೆನ್ನುವುದಿಲ್ಲ. ಸ್ವಭಾವದಲ್ಲಿ ಒಂದು ಎಂದು ಅವರ ವ್ಯಾಖ್ಯಾನ. ಆದರೆ 17ನೇ ಅಧ್ಯಾಯದಲ್ಲಿ ತನ್ನ ಶಿಷ್ಯರೂ ಹಾಗೆಯೇ ಒಂದಾಗಿರಲಿ ಎಂದು ಯೇಸು ಪ್ರಾರ್ಥಿಸುತ್ತಾನೆ, ಅಲ್ಲಿಯೂ ಅದೇ ಪದ. ಶಿಷ್ಯರು ಸ್ವಭಾವದಲ್ಲಿ ಒಂದಾಗುವುದು ಹೇಗೆ, ಅದು ಮನಸ್ಸಿನ ಐಕ್ಯವಲ್ಲವೇ ಎಂದು ಎದುರು ಪಕ್ಷ ಕೇಳುತ್ತದೆ. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು.

ಅದೇ ಯೋಹಾನನ ಪುಸ್ತಕದಲ್ಲಿ, 14ನೇ ಅಧ್ಯಾಯದ 28ನೇ ವಚನದಲ್ಲಿ, ತಂದೆ ತನಗಿಂತ ದೊಡ್ಡವನೆನ್ನುತ್ತಾನೆ ಯೇಸು. ಮಾರ್ಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಕೊನೆಯ ದಿನ ಯಾವಾಗ ಎಂಬುದು ಮಗನಿಗೂ ತಿಳಿಯದು, ತಂದೆಗೆ ಮಾತ್ರ ತಿಳಿದಿದೆ ಎಂದಿದೆ. ಆದರೆ ಯೋಹಾನ 20ನೇ ಅಧ್ಯಾಯಕ್ಕೆ ಬಂದರೆ, ಯೇಸು ಸತ್ತು ಎದ್ದನೆಂಬುದನ್ನು ಗಾಯ ನೋಡದೆ ನಂಬೆ ಎಂದಿದ್ದ ಶಿಷ್ಯ ತೋಮ, ಎದುರಿಗೆ ನಿಂತ ಯೇಸುವನ್ನೇ ತನ್ನ ಕರ್ತನೆಂದೂ ದೇವರೆಂದೂ ಕರೆಯುತ್ತಾನೆ. ಯೇಸು ಅವನನ್ನು ತಿದ್ದುವುದಿಲ್ಲ.

ಆದಿ ಕ್ರೈಸ್ತ ಪ್ರಚಾರಕ ಪೌಲನ ಒಂದು ಮಾತು ನಮ್ಮ ಅವಿಭಕ್ತ ಕುಟುಂಬಗಳವರಿಗೆ ಬೇಗ ಅರ್ಥವಾಗುವಂಥದು. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಅವನು ಕ್ರಿಸ್ತನನ್ನು ಸೃಷ್ಟಿಗೆಲ್ಲ ಚೊಚ್ಚಲ ಮಗ ಎನ್ನುತ್ತಾನೆ. ಚೊಚ್ಚಲು ಎಂದರೆ ಮೊದಲು ಹುಟ್ಟಿದವನು, ಅಂದರೆ ಸೃಷ್ಟಿಯಾದವನು ಎಂದು ಒಂದು ಕಡೆಯವರು. ಹಿರಿಮಗನೆಂಬುದು ಸ್ಥಾನ, ಮನೆಯ ಯಜಮಾನಿಕೆ ಎಂದು ಇನ್ನೊಂದು ಕಡೆಯವರು. ಇವರು ತೋರಿಸುವ ಆಧಾರ ಬೈಬಲಿನ 89ನೇ ಕೀರ್ತನೆ. ಅಲ್ಲಿ ದೇವರು ದಾವೀದ ರಾಜನನ್ನು ಚೊಚ್ಚಲ ಮಗನಾಗಿ ಮಾಡುತ್ತೇನೆ ಎನ್ನುತ್ತಾನೆ. ದಾವೀದನೋ, ಇಷಯನ ಮಕ್ಕಳಲ್ಲಿ ಕಟ್ಟಕಡೆಯವನು.

ಈ ವಾದ ಬೀದಿಗೆ ಬಂದದ್ದು ನಾಲ್ಕನೆಯ ಶತಮಾನದಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ. ಆರಿಯಸ್ ಎಂಬ ಪಾದ್ರಿ, ಮಗನಿಗೆ ಆರಂಭವಿದೆ, ಅವನಿಲ್ಲದ ಕಾಲವೊಂದಿತ್ತು ಎಂದು ಬೋಧಿಸಿದ. ತನ್ನ ಸಿದ್ಧಾಂತವನ್ನು ಹಾಡು ಕಟ್ಟಿ ಹಬ್ಬಿಸಿದ. ಹಡಗಿನವರು, ಗಿರಣಿಯವರು ಅದನ್ನು ಹಾಡುತ್ತಿದ್ದರಂತೆ, ನಮ್ಮಲ್ಲಿ ಲಾವಣಿಯಲ್ಲಿ ತತ್ತ್ವ ಹಾಡುವ ಹಾಗೆ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯದಲ್ಲಿ ಬಿಷಪರ ಮಹಾಸಭೆ ಕರೆದ. ಮಗನು ತಂದೆಯೊಡನೆ 'ಏಕಸತ್ತ್ವ'ನು ಎಂದು ಸಭೆ ತೀರ್ಮಾನಿಸಿತು. ಅದಕ್ಕೆ ಬಳಸಿದ ಗ್ರೀಕ್ ಪದ 'ಹೋಮೋಊಸಿಯೋಸ್'. ಆ ಪದವೂ ಬೈಬಲಿನಲ್ಲಿಲ್ಲ, ಆ ಕಾಲದ ಹಲವರಿಗೆ ಅದೇ ಮುಳ್ಳಾಯಿತು. ಮುಂದೆ ಕೆಲವರು ನಡುವೆ ಒಂದು 'ಇ' ಸೇರಿಸಿ 'ಹೋಮೋಇಊಸಿಯೋಸ್' ಎಂದರು. ಒಂದೇ ಸತ್ತ್ವ ಎಂಬುದು ಹೋಗಿ, ಅದರಂಥ ಸತ್ತ್ವ ಎಂದಾಯಿತು.

ಒಂದಕ್ಷರಕ್ಕೆ ಇಷ್ಟು ಜಗಳವೇ ಎಂದು ಕನ್ನಡಿಗರು ಬೆರಗಾಗಬೇಕಿಲ್ಲ. ಉಡುಪಿಯ ಮಧ್ವಾಚಾರ್ಯರು ಛಾಂದೋಗ್ಯ ಉಪನಿಷತ್ತಿನ 'ತತ್ತ್ವಮಸಿ'ಯನ್ನು, ಸಂಧಿ ಬಿಡಿಸುವಲ್ಲಿ ಒಂದು ಅಕಾರ ಹಿಡಿದು, 'ಅತತ್ ತ್ವಮಸಿ' ಎಂದು ಓದಿದರು. 'ಅದು ನೀನು' ಎಂದು ಅಭೇದ ಹೇಳುವ ಮಾತು 'ನೀನು ಅದಲ್ಲ' ಎಂದು ಭೇದ ಹೇಳುವ ಮಾತಾಯಿತು. ಶಾಸ್ತ್ರವನ್ನು ಪ್ರಾಣದಂತೆ ಕಾಣುವವರಿಗೆ ಅಕ್ಷರ ಸಣ್ಣದಾಗುವುದಿಲ್ಲ. ನೈಸಿಯದ ನಂತರವೂ ವಾದ ಐವತ್ತು ವರ್ಷ ನಡೆಯಿತು. ತೀರ್ಮಾನದ ಪರ ನಿಂತ ಬಿಷಪ್ ಅಥನೇಸಿಯಸ್ ಐದು ಸಲ ಗಡೀಪಾರಾದ. 381ರಲ್ಲಿ ಕಾನ್‌ಸ್ಟಾಂಟಿನೋಪಲಿನ ಸಭೆ ಆ ತೀರ್ಮಾನವನ್ನು ಎತ್ತಿಹಿಡಿಯಿತು. ಇಂದು ಮುಂಬಯಿಯ ಚರ್ಚುಗಳಲ್ಲಿ ಹೇಳುವ ನೈಸೀನ್ ವಿಶ್ವಾಸ ಪ್ರಮಾಣ ಆ ಎರಡು ಸಭೆಗಳ ಫಲ.

ಈ ವಾದವನ್ನು ತನ್ನ ಎದೆಯಲ್ಲೇ ಹೊತ್ತು ನಡೆದ ಒಬ್ಬ ಹೆಣ್ಣುಮಗಳು ನಮ್ಮ ಕರಾವಳಿಯ ಮೂಲದವಳು. ಆಕೆಯ ಕಥೆ ತಿಳಿಯದೆ ಈ ವಿಷಯ ನಮಗೆ ದೂರದ್ದಾಗಿಯೇ ಉಳಿಯುತ್ತದೆ.

ಕಾರ್ಕಳ ತಾಲೂಕಿನ ಮಾಳದ ಅನಂತಶಾಸ್ತ್ರಿ ಡೋಂಗ್ರೆ, ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಎದ್ದ ವಿರೋಧದಿಂದ ಬೇಸತ್ತು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿಗೆ ಹೋಗಿ ನೆಲೆಸಿದರು. ಅಲ್ಲಿ 1858ರಲ್ಲಿ ಹುಟ್ಟಿದ ಮಗಳು ರಮಾಬಾಯಿ. ತಂದೆತಾಯಿ ಬರಗಾಲದಲ್ಲಿ ತೀರಿಕೊಂಡರು. ಅಣ್ಣನೊಡನೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿದ ಆಕೆಗೆ 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಮದುವೆಯಾಗಿ ಎರಡು ವರ್ಷಕ್ಕೆಲ್ಲ ವಿಧವೆ; ಮಡಿಲಲ್ಲಿ ಮನೋರಮಾ ಎಂಬ ಪುಟ್ಟ ಮಗಳು. 1883ರಲ್ಲಿ ಇಂಗ್ಲೆಂಡಿಗೆ ಹೋದರು. ಆ ವರ್ಷವೇ ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಆಶ್ರಯದಲ್ಲಿ ದೀಕ್ಷಾಸ್ನಾನ ಪಡೆದರು.

ದೀಕ್ಷೆ ಕೊಟ್ಟವರು ಇನ್ನು ಎಲ್ಲ ಒಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದರು. ಆಗಲಿಲ್ಲ. 1885ರಲ್ಲಿ ಚೆಲ್ಟನ್‌ಹ್ಯಾಮ್‌ನ ಕಾಲೇಜಿನಲ್ಲಿ ಓದುತ್ತ, ತನ್ನನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಜೆರಾಲ್ಡಿನ್‌ಗೆ ರಮಾಬಾಯಿ ಪತ್ರದ ಮೇಲೆ ಪತ್ರ ಬರೆದರು. ಆಕೆಯನ್ನು ಕರೆಯುತ್ತಿದ್ದದ್ದು 'ಆಜೀಬಾಯಿ' ಎಂದು, ಮರಾಠಿಯಲ್ಲಿ ಅಜ್ಜಿ. ಅಕ್ಕರೆಯ ಆ ಸಂಬೋಧನೆಯ ಕೆಳಗೆ ಬರುತ್ತಿದ್ದದ್ದು ಬಿಗಿಯಾದ ವಾದ. ತಾನು ದೀಕ್ಷೆ ಪಡೆದದ್ದು ಅಪೊಸ್ತಲರ ಹೆಸರಿನ ಚಿಕ್ಕ ವಿಶ್ವಾಸ ಪ್ರಮಾಣದ ಮೇಲೆ. ತ್ರಿತ್ವವನ್ನು ವಿವರವಾಗಿ ವಿಧಿಸುವ ಅಥನೇಸಿಯಸ್ ಹೆಸರಿನ ಪ್ರಮಾಣವನ್ನು ಒಪ್ಪಲು ಮನಸ್ಸಾಕ್ಷಿ ಬಿಡುವುದಿಲ್ಲ. ಬೈಬಲಿನಲ್ಲಿ ಕಾಣುವುದನ್ನು ಒಪ್ಪುತ್ತೇನೆ, ಪಾದ್ರಿಗಳು ಹೇಳಿದರೆಂದು ಒಪ್ಪಲಾರೆ. ನಮ್ಮ ದೇಶದ ಪುರೋಹಿತರ ನೊಗವನ್ನು ಕಷ್ಟಪಟ್ಟು ಇಳಿಸಿ ಬಂದವಳು, ಅಂಥದೇ ಇನ್ನೊಂದಕ್ಕೆ ಕುತ್ತಿಗೆ ಕೊಡಲಾರೆ ಎಂಬುದು ಆಕೆಯ ಮಾತಿನ ತಿರುಳು. ಕೊರಳಲ್ಲಿ ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರವೇಕೆ, ಸಂಸ್ಕೃತ ಏಕಾಗದು ಎಂದೂ ಕೇಳಿದರು.

ಜೆರಾಲ್ಡಿನ್ ಇದರಲ್ಲಿ ಅಹಂಕಾರ ಕಂಡರು. ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ಹಾಗೆ ಕಾಣಲಿಲ್ಲ. ಇಂಥ ಬುದ್ಧಿಯನ್ನು ಅಪ್ಪಣೆಯಿಂದ ಕಟ್ಟಲಾಗದು, ಯೋಚಿಸಲು ಬಿಡಬೇಕು ಎಂದು ತಿಳಿದು ತಾಳ್ಮೆಯಿಂದ ಉತ್ತರ ಬರೆದರು. ಗುರುವಾದವರು ಬೀಲ್ ಅವರ ಹಾದಿ ಹಿಡಿಯಬೇಕು. ನನ್ನ ತರಗತಿಯಲ್ಲಿ ನಾನು ಪ್ರಯತ್ನಿಸುವುದೂ ಅದನ್ನೇ.

1889ರ ಮಾರ್ಚ್ 11ರಂದು ರಮಾಬಾಯಿ ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ತೆರೆದರು. ಬಾಲವಿಧವೆಯರ ಶಾಲೆ ಅದು. ಅದಕ್ಕೆ ಹಣ ಕೂಡಿಸಿದ ಅಮೆರಿಕದ ಸಂಘದ ಅಧ್ಯಕ್ಷ ಎಡ್ವರ್ಡ್ ಎವರೆಟ್ ಹೇಲ್ ಒಬ್ಬ ಯುನಿಟೇರಿಯನ್ ಪಾದ್ರಿ. ಮರುವರ್ಷ ಸದನ ಪುಣೆಗೆ ಹೋಯಿತು. 1891ರ ಹೊತ್ತಿಗೆ ಆಕೆಯ ಒಳಗೆ ದೊಡ್ಡ ಬದಲಾವಣೆಯಾಯಿತು. ಅದುವರೆಗೆ ತನಗೆ ದಕ್ಕಿದ್ದು ಕ್ರೈಸ್ತ ಧರ್ಮ ಮಾತ್ರ, ಕ್ರಿಸ್ತನಲ್ಲ ಎಂದು ಆಕೆಯೇ ಮುಂದೆ ಬರೆದುಕೊಂಡರು. ಯೇಸುವನ್ನು ರಕ್ಷಕನೆಂದು ಪೂರ್ತಿಯಾಗಿ ಸ್ವೀಕರಿಸಿದರು. ಅಪ್ಪಣೆಗೆ ಬಾಗಿ ಅಲ್ಲ, ತನ್ನದೇ ಹುಡುಕಾಟದಿಂದ. ಗ್ರೀಕ್, ಹೀಬ್ರೂ ಕಲಿತು, ಮೂಲದಿಂದಲೇ ಇಡೀ ಬೈಬಲನ್ನು ಸರಳ ಮರಾಠಿಗೆ ತಂದರು. ಗುಲ್ಬರ್ಗದಲ್ಲೂ ಶಾಲೆ ತೆರೆದು ಅದನ್ನು ಮನೋರಮಾಗೆ ಒಪ್ಪಿಸಿದರು. 1922ರ ಏಪ್ರಿಲ್ 5ರಂದು ಪುಣೆ ಬಳಿಯ ಕೇಡಗಾಂವಿನಲ್ಲಿ ತೀರಿಕೊಂಡರು.

ಚೌಪಾಟಿಯಿಂದ ನಡೆದೇ ಹೋಗುವಷ್ಟು ದೂರದಲ್ಲಿ, ಗಿರಗಾಂವಿನಲ್ಲಿ, 1867ರಲ್ಲಿ ಶುರುವಾದ, ಹಿಂದೂ ಸುಧಾರಕರ ಪ್ರಾರ್ಥನಾ ಸಮಾಜವಿದೆ. ಅದರ ಪ್ರಚಾರಕರಾಗಿ ದುಡಿದ ವಿಠ್ಠಲ ರಾಮಜಿ ಶಿಂದೆ ನಮ್ಮ ಜಮಖಂಡಿಯಲ್ಲಿ 1873ರಲ್ಲಿ ಹುಟ್ಟಿದವರು. 1901ರಿಂದ 1903ರವರೆಗೆ ಅವರು ಓದಿದ್ದು ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ, ಯುನಿಟೇರಿಯನ್ನರ ವಿದ್ಯಾಸಂಸ್ಥೆಯಲ್ಲಿ. ಯೇಸುವಿನ ಬಗ್ಗೆ ಆಳವಾದ ಗೌರವ ಇಟ್ಟುಕೊಂಡೂ ಅವರು ಕ್ರೈಸ್ತರಾಗಲಿಲ್ಲ. ಮರಳಿ ಬಂದು, 1906ರಲ್ಲಿ ಮುಂಬಯಿಯಲ್ಲಿ ಅಸ್ಪೃಶ್ಯರ ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಕರ್ನಾಟಕದ ಮಣ್ಣಿನ ಇಬ್ಬರು, ಒಂದೇ ಪ್ರಶ್ನೆಯ ಎದುರು ನಿಂತು, ಬೇರೆ ಬೇರೆ ದಾರಿ ಹಿಡಿದರು. ಇಬ್ಬರೂ ಈ ಊರಿನಲ್ಲಿ ದುರ್ಬಲರ ಕೈ ಹಿಡಿದರು.

ಆ ಹುಡುಗಿಗೆ ಕೊನೆಗೆ ನಾನು ಹೇಳಿದ್ದಿಷ್ಟು. ಒಂದೇ ವಚನ ತೋರಿಸಿ ವಾದ ಮುಗಿಯಿತು ಎನ್ನುವವರನ್ನು ನಂಬಬೇಡ, ಯಾವ ಕಡೆಯವರಾದರೂ ಸರಿ. ಯೋಹಾನನನ್ನು ಇಡಿಯಾಗಿ ಓದಿದರೆ ನೈಸಿಯದವರು ಹೇಳಿದ್ದೇ ಹೆಚ್ಚು ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ಮಾರ್ಕನನ್ನು ಮಾತ್ರ ಓದಿದವನಿಗೆ ಪ್ರಶ್ನೆ ತೆರೆದೇ ಇರುತ್ತದೆ. ನನ್ನ ಅಭಿಪ್ರಾಯವನ್ನೂ ಪರೀಕ್ಷಿಸದೆ ತೆಗೆದುಕೊಳ್ಳಬೇಡ. ರಮಾಬಾಯಿಯ ಆ ಪತ್ರಗಳು 1977ರಲ್ಲಿ ಇದೇ ಮುಂಬಯಿಯಲ್ಲಿ ಪುಸ್ತಕವಾಗಿ ಬಂದಿವೆ. ಅವು ಆಮೇಲೆ. ಮೊದಲು ಕನ್ನಡದ ಬೈಬಲ್ ತೆರೆದು ಮಾರ್ಕನಿಂದ ಶುರುಮಾಡು. ಹದಿನಾರೇ ಅಧ್ಯಾಯ. ಬೋರಿವಲಿಯಿಂದ ಚರ್ಚ್‌ಗೇಟಿಗೆ ಸ್ಲೋ ಲೋಕಲ್ಲಿನಲ್ಲಿ ಹೋಗಿ ಬರುವಷ್ಟರಲ್ಲಿ ಮುಗಿಯುತ್ತದೆ.