ಉತಾರದಲ್ಲಿ ಅಡಗಿದ ಕೀಲಿ

ಲೋಕಾಪುರದ ರೈತರೊಬ್ಬರಿಗೆ ಹೊಲದ ಸರ್ವೆ ನಂಬರ್ ಕೇಳಿ ನೋಡಿ. 45 ಎಂದರೆ ಮುಗಿಯಲಿಲ್ಲ. ಪಕ್ಕದ ಊರಲ್ಲೂ ಒಂದು 45 ಇದ್ದೀತು; ಅಣ್ಣತಮ್ಮಂದಿರು ಪಾಲಾಗಿದ್ದರೆ ಅದೇ 45ರಲ್ಲಿ ಹಿಸ್ಸಾ 1, 2, 3. ಅದಕ್ಕೇ ಸರ್ಕಾರದ ಭೂದಾಖಲೆಗಳ 'ಭೂಮಿ' ತಂತ್ರಾಂಶದಲ್ಲಿ ಉತಾರ (ಪಹಣಿ) ತೆಗೆಯಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮದಿಂದ ಹಿಡಿದು ಹಿಸ್ಸಾವರೆಗೆ ಎಲ್ಲ ಹೇಳಬೇಕು. ಡೇಟಾಬೇಸ್‌ನವರ ಕಾಂಪೋಸಿಟ್ ಕೀ ಅಂದರೆ ಇದೇ: ಹಲವು ಕಾಲಂ ಸೇರಿ ಒಂದು ಕೀಲಿ.

ಕಬ್ಬಿನ ಲೆಕ್ಕಕ್ಕೆ ನೀವೊಂದು ಟೇಬಲ್ ಮಾಡುತ್ತೀರಿ ಎನ್ನಿ. ಗ್ರಾಮ, ಸರ್ವೆ, ಹಿಸ್ಸಾಗಳನ್ನು ಬಿಡಿಬಿಡಿಯಾಗಿ ತಾಳೆ ನೋಡಿದರೆ ಸಾಲದು. ಗ್ರಾಮವೂ ಉಂಟು, 45 ಎಂಬ ನಂಬರೂ ಉಂಟು, ಆ ಗ್ರಾಮದಲ್ಲಿ ಮಾತ್ರ 45 ಇಲ್ಲ. ಇಂಥ ಇಲ್ಲದ ಹೊಲದಲ್ಲೂ ಕಬ್ಬು ಬೆಳೆದುಬಿಡುತ್ತದೆ! ಮೂರನ್ನೂ ಒಂದೇ ಫಾರಿನ್ ಕೀಯಲ್ಲಿ, ಹೊಲಗಳ ಮೂಲ ಟೇಬಲ್‌ನ ಪ್ರೈಮರಿ ಕೀ ಇರುವ ಅನುಕ್ರಮದಲ್ಲೇ ಕಟ್ಟಿ.

ಬಹಳ ಜನ ಎಡವುವ ಜಾಗ ಇನ್ನೊಂದಿದೆ. ಕಬ್ಬಿನ ಟೇಬಲ್‌ನ ಹಿಸ್ಸಾ ಕಾಲಂ ನಲ್ (ಖಾಲಿ) ಆಗಿದ್ದರೆ ಪೋಸ್ಟ್‌ಗ್ರೆಸ್ ಆಗಲಿ ಮೈಎಸ್‌ಕ್ಯೂಎಲ್ ಆಗಲಿ, ಸಾಮಾನ್ಯವಾಗಿ ಆ ಸಾಲನ್ನು ತಪಾಸಣೆ ಮಾಡದೆಯೇ ಒಳಗೆ ಬಿಡುತ್ತವೆ. ಉತಾರದಲ್ಲಿ ಹಿಸ್ಸಾ ಇಲ್ಲದ ಕಡೆ ನಕ್ಷತ್ರದ ಗುರುತು ಕಾಣುತ್ತದಲ್ಲ, ನೀವೂ ಎರಡೂ ಟೇಬಲ್‌ಗಳಲ್ಲಿ ಹಾಗೇ ಒಂದು ಗುರುತು ಇಟ್ಟು, ಆ ಕಾಲಂಗೆ ನಾಟ್ ನಲ್ ಹಾಕಿಬಿಡಿ.